ಎಡಗೈಲಿ ಊರುಗೋಲು, ಬಲಗೈಲಿ ಚಾಕ್‌ಪೀಸ್

ಈ ಸಲದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯಿತು. ಹತ್ತನೇ ಕ್ಲಾಸಿನ ಗಣಿತವನ್ನು ಮೊದಲ ಪಾಠದಿಂದ ಕೊನೆಯ ರಿವಿಷನ್‌ವರೆಗೆ ನಾನೇ ಮುಗಿಸಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಬಂದ ಮೇಲೆ ಮಧ್ಯದಲ್ಲಿ ಉದ್ದ ರಜೆ ಹಾಕದೆ ಇಡೀ ವರ್ಷ ಪಾಠ ಮಾಡಿದ್ದು ಇದೇ ಮೊದಲು. ಬೀಳ್ಕೊಡುಗೆ ದಿನ ಮಕ್ಕಳು ನನಗೆ ಥ್ಯಾಂಕ್ಸ್ ಹೇಳಿದರು. ನಾನು ಥ್ಯಾಂಕ್ಸ್ ಹೇಳಬೇಕಾದವರೂ ತುಂಬಾ ಜನ ಇದ್ದಾರೆ. ಒಬ್ಬೊಬ್ಬರ ಎದುರೂ ನಿಂತು ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಂಎಸ್‌ನಲ್ಲಿ ನಮ್ಮ ದೇಹದ ರಕ್ಷಣೆಯ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಅನ್ನೋ ಪದರಕ್ಕೆ ಪೆಟ್ಟು ಕೊಡುತ್ತದೆ. ಎಲ್ಲಿ ಪೆಟ್ಟು ಬಿತ್ತು ಅನ್ನೋದರ ಮೇಲೆ ತೊಂದರೆ ಬೇರೆ ಬೇರೆ. ಒಬ್ಬರಿಗೆ ಕಣ್ಣು, ಒಬ್ಬರಿಗೆ ಕೈ. ನನಗೆ ಬಲಗಾಲಿನ ಮುಂಪಾದ ಮೇಲೇಳುವುದಿಲ್ಲ, ತಿರುಗುವಾಗ ಮೈ ವಾಲುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಾಲು ಸೋತುಹೋಗುತ್ತದೆ. ಹಾಗಾಗಿ ಒಬ್ಬರಿಗೆ ಒಗ್ಗಿದ ಕೋಲು ಇನ್ನೊಬ್ಬರಿಗೆ ಒಗ್ಗಲೇಬೇಕು ಅಂತೇನಿಲ್ಲ.

ಮೊದಲ ನಮಸ್ಕಾರ ಹಾಸನದ ನಮ್ಮ ಫಿಜಿಯೋ ಮೇಡಂಗೆ. ಅವರು ಮೊದಲ ದಿನ ಯಾವ ಕೋಲಿನ ಹೆಸರನ್ನೂ ಎತ್ತಲಿಲ್ಲ. ಮನೆಯಲ್ಲಿ ಹೊಸಿಲು ಎಷ್ಟು ಎತ್ತರ, ಬಚ್ಚಲು ಒಳಗೋ ಹೊರಗೋ, ಶಾಲೆಗೆ ಬಸ್ಸೋ ಆಟೋನೋ, ಇವನ್ನೆಲ್ಲ ಕೇಳಿದರು. ಆಮೇಲೆ ನಡೆಸಿದರು, ತಿರುಗಿಸಿದರು, ಕಣ್ಣು ಮುಚ್ಚಿ ನಿಲ್ಲಿಸಿದರು. ಕೊನೆಗೆ, "ಹದಿಮೂರರ ಮಗ್ಗಿ ಹೇಳ್ತಾ ನಡೀರಿ ಮೇಡಂ" ಅಂದರು. ಹದಿಮೂರೈದ್ಲಿಗೆ ಬರುವಷ್ಟರಲ್ಲಿ ನಾನು ಗೋಡೆ ಹಿಡಿದಿದ್ದೆ. ಸುಮ್ನೆ ನಡೆಯುವುದೇ ಬೇರೆ, ಮಾತಾಡುತ್ತಾ ನಡೆಯುವುದೇ ಬೇರೆ. ಟೀಚರ್ ಆದವಳು ಮಾತಾಡುತ್ತಲೇ ನಡೆಯಬೇಕು ಅಲ್ವಾ? ಅವರು ಅದನ್ನು ನೋಡಿದರು. ಇನ್ನೊಂದು ದಿನ ಶಾಲೆ ಬಿಟ್ಟ ಮೇಲೆ ನೇರವಾಗಿ ಕ್ಲಿನಿಕ್‌ಗೆ ಕರೆದು ಮತ್ತೆ ನಡೆಸಿದರು. ಬೆಳಿಗ್ಗೆಯ ಕಾಲು ನೋಡಿ ಸಂಜೆಗೆ ಕೋಲು ಕೊಡೋಕಾಗಲ್ಲ ಅಂತ ಅವರ ಮಾತು.

ಅದಕ್ಕೂ ಮೊದಲು ಒಂದು ಅಂಗಡಿಯಲ್ಲಿ ಅಳತೆ ನೋಡದೆ ಕೊಟ್ಟಿದ್ದ ಕೋಲು ನನ್ನ ಹತ್ತಿರ ಇತ್ತು. ಅದು ಉದ್ದ ಜಾಸ್ತಿ, ಹಿಡಿದರೆ ಹೆಗಲು ಮೇಲೇರುತ್ತಿತ್ತು. ಮೇಡಂ ಅಳತೆ ತೆಗೆದ ರೀತಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ದಿನಾ ಹಾಕುವ ಶೂ ಹಾಕಿ ನೇರ ನಿಲ್ಲಬೇಕು, ಕೈ ಸಡಿಲ ಬಿಡಬೇಕು. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ, 15ರಿಂದ 30 ಡಿಗ್ರಿಯಷ್ಟು, ಬಗ್ಗಿರಬೇಕು. ಸೋತ ಕಾಲು ಬಲಗಾಲಾದರೆ ಕೋಲು ಎಡಗೈಗೆ. ಸೋತ ಕಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ಸೋತ ಕಾಲು ಮೊದಲು.

ಅಳತೆ ಸರಿಯಿದ್ದರೂ ಸಾದಾ ಕೋಲು ನನ್ನ ಕೆಲಸಕ್ಕೆ ಸಾಲಲಿಲ್ಲ. ಬೋರ್ಡ್ ಮೇಲೆ ಬರೆಯುವಾಗ ಬಲಗೈಯಲ್ಲಿ ಚಾಕ್‌ಪೀಸ್. ಮಗು ನೋಟ್‌ಬುಕ್ ಚಾಚಿದರೆ ಎಡಗೈ ಬೇಕು. ಕೋಲು ಬಿಟ್ಟರೆ ನೆಲಕ್ಕೆ ಬೀಳುತ್ತಿತ್ತು, ಬಗ್ಗಿ ತೆಗೆಯಲು ಹೋದರೆ ನಾನೂ ಬೀಳುವ ಹಾಗಾಗುತ್ತಿತ್ತು. ಆಗ ಮೇಡಂ ಕೊಟ್ಟದ್ದು ಎಲ್ಬೋ ಕ್ರಚ್. ಮೊಣಕೈ ಕೆಳಗೆ ಒಂದು ಪಟ್ಟಿ ತೋಳನ್ನು ಹಿಡಿದಿರುತ್ತದೆ. ಅಂಗೈ ಬಿಟ್ಟರೂ ಅದು ತೋಳಿಗೇ ತೂಗುತ್ತಿರುತ್ತದೆ. ಈ ವರ್ಷ ಪೈಥಾಗೊರಸ್ ಪ್ರಮೇಯ ಬರೆಸಿದ್ದು, ನೋಟ್ಸ್ ತಿದ್ದಿದ್ದು ಎಲ್ಲ ಹಾಗೇ.

ಬಲಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ ಬಂತು. ಎಎಫ್‌ಓ ಅನ್ನುತ್ತಾರೆ. ಮುಂಪಾದವನ್ನು ಎತ್ತಿ ಹಿಡಿಯುತ್ತದೆ, ಬೆರಳು ನೆಲಕ್ಕೆ ಎಡವುವುದಿಲ್ಲ. ನನಗೆ ಸ್ಪ್ಲಿಂಟ್ ಬೇಕು ಅಂತ ಎಲ್ಲರಿಗಿಂತ ಮೊದಲು ಗುರುತಿಸಿದ್ದು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜ. "ಬಲಗಾಲಿನ ಚಪ್ಪಲಿ ತುದಿ ಮಾತ್ರ ಸವೀತಿದೆ ಕಣವ್ವ, ಕಾಲು ಎಳೀತಿದೀಯ, ಡಾಕ್ಟ್ರಿಗೆ ತೋರ್ಸು" ಅಂದಿದ್ದರು. ಸ್ಪ್ಲಿಂಟ್ ಬಂದ ಮೇಲೆ ಒಂದು ಸೈಜ್ ದೊಡ್ಡ ಶೂ ಕೊಂಡು ಅವರ ಹತ್ತಿರವೇ ಒಯ್ದೆ. ಒಳಗಿನ ಅಟ್ಟೆ ತೆಗೆದು, ಲೇಸ್ ಜಾಗಕ್ಕೆ ವೆಲ್ಕ್ರೋ ಹೊಲಿದು ಕೊಟ್ಟರು. ಅಜ್ಜಾ, ನಿಮಗೆ ದೊಡ್ಡ ನಮಸ್ಕಾರ.

ನನ್ನ ಅತ್ತೆಗೆ ಥ್ಯಾಂಕ್ಸ್ ಅಂದರೆ ಬೈಯುತ್ತಾರೆ. ಆದರೂ ಹೇಳುತ್ತೇನೆ. ನನಗೆ ಆ ಪಾದದಲ್ಲಿ ಸ್ಪರ್ಶ ಕಡಿಮೆ, ಸ್ಪ್ಲಿಂಟ್ ಒತ್ತಿದರೂ ಗೊತ್ತಾಗುವುದಿಲ್ಲ. ಕಣ್ಣಲ್ಲೇ ನೋಡಬೇಕು. ಅತ್ತೆ ದಿನಾ ಸಂಜೆ ಜಗುಲಿಯಲ್ಲಿ ಕೂತು, ಕನ್ನಡಕ ಏರಿಸಿ, "ಕಾಲು ಚಾಚಮ್ಮ" ಅನ್ನುತ್ತಾರೆ. ಹಿಮ್ಮಡಿ, ಕಣಕಾಲಿನ ಮೂಳೆ, ಬೆರಳ ಸಂದು, ಎಲ್ಲವನ್ನೂ ಒತ್ತಿ ನೋಡುತ್ತಾರೆ. ಕೆಂಪಾಗಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಆಗಲೂ ಕೆಂಪು ಹೋಗಿಲ್ಲ ಅಂದರೆ ಸ್ಪ್ಲಿಂಟ್ ಸರಿ ಮಾಡಿಸಲು ಹೋಗಬೇಕು. ಬಿಸಿನೀರಿನ ವಿಷಯದಲ್ಲೂ ಅಷ್ಟೇ. ಮೈ ಬಿಸಿಯಾದರೆ ಎಂಎಸ್‌ನವರಿಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತು ತೊಂದರೆ ಜಾಸ್ತಿಯಾಗುತ್ತದೆ. ನಮ್ಮ ಕಡೆ ಹಂಡೆ ತುಂಬ ಹೊಗೆಯಾಡುವ ನೀರು ಸುರಿದುಕೊಳ್ಳದಿದ್ದರೆ ಸ್ನಾನವೇ ಅಲ್ಲ. ಅತ್ತೆ ನನಗೋಸ್ಕರ ಉಗುರುಬೆಚ್ಚಗೆ ಬೆರೆಸಿ, ಬಚ್ಚಲಲ್ಲಿ ಸ್ಟೂಲ್ ಇಟ್ಟರು. ಗೋಡೆಗೆ ಕಂಬಿ ಹಾಕಿದ್ದು ಊರಿನ ವೆಲ್ಡಿಂಗ್ ಹುಡುಗ. ನನ್ನನ್ನೇ ನಿಲ್ಲಿಸಿ, ಕೈ ಎಲ್ಲಿಗೆ ಹೋಗುತ್ತದೋ ಅಲ್ಲೇ ಗುರುತು ಮಾಡಿಕೊಂಡು ಹಾಕಿದ.

ಶಾಲೆಯ ಸ್ಟಾಫ್‌ನವರು ದುಡ್ಡು ಸೇರಿಸಿ ವಾಕರ್ ಕೊಡಿಸಬೇಕು ಅಂತಿದ್ದರು. ಕೊಳ್ಳುವ ಮೊದಲು ಮೇಡಂಗೆ ಫೋನ್ ಮಾಡಿ ಕೇಳಿದರು, ಅದು ಎಷ್ಟು ದೊಡ್ಡ ವಿಷಯ! ಎತ್ತಿ ಎತ್ತಿ ಇಡುವ ವಾಕರ್ ಆದರೆ ಹೆಜ್ಜೆಹೆಜ್ಜೆಗೂ ನಿಲ್ಲಬೇಕು, ಬೇಗ ಸುಸ್ತು, ಎತ್ತುವಾಗ ನಾನು ಹಿಂದಕ್ಕೆ ವಾಲುತ್ತೇನೆ. ಹಾಗಾಗಿ ನಾಲ್ಕು ಚಕ್ರದ್ದು, ಬ್ರೇಕ್ ಮತ್ತು ಸೀಟ್ ಇರುವುದು ಬಂತು. ಮಧ್ಯಾಹ್ನದ ಮೇಲೆ ಕಾರಿಡಾರ್‌ನಲ್ಲಿ ಅದೇ ನನ್ನ ಗಾಡಿ. ಎರಡೂ ಬ್ರೇಕ್ ಲಾಕ್ ಮಾಡಿಯೇ ಕೂರಬೇಕು. ಇಳಿಜಾರಿನಲ್ಲಿ ಅದು ಮುಂದೆ ಓಡುತ್ತದೆ, ಅಂಗಳಕ್ಕೆ ಬೇಡ. ಹೆಡ್‌ಮಾಸ್ಟರ್ ಸರ್ ಹತ್ತನೇ ಕ್ಲಾಸನ್ನು ಕೆಳಗಿನ ಕೋಣೆಗೆ ತಂದರು. ಮಕ್ಕಳು ಹೇಳಿಸಿಕೊಳ್ಳದೆಯೇ ಬೆಂಚುಗಳ ನಡುವೆ ಬ್ಯಾಗ್ ಇಡುವುದು ನಿಲ್ಲಿಸಿದರು. ನಮ್ಮ ಕ್ಲರ್ಕ್ ಅಣ್ಣ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತಂದು ತೋರಿಸಿದರು. ಅದರ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಹೆಸರೂ ಇದೆ. ಸರ್ಕಾರಿ ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅವತ್ತು ರಾತ್ರಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಚಿಕ್ಕಮಗಳೂರಿನ ಒಬ್ಬರು ಕಾಫಿ ಬೆಳೆಗಾರರು ಇದ್ದಾರೆ. ಅವರಿಗೂ ಎಂಎಸ್. ಮುಳ್ಳಯ್ಯನಗಿರಿ ಹತ್ತುವವರು ಹಿಡಿಯುವಂಥ ಟ್ರೆಕ್ಕಿಂಗ್ ಪೋಲ್ ಎರಡೂ ಕೈಯಲ್ಲಿ ಹಿಡಿದು ತೋಟ ಸುತ್ತುತ್ತಾರೆ. ಅವರ ಕಾಲಿಗೆ ಶಕ್ತಿ ಇದೆ, ಬ್ಯಾಲೆನ್ಸ್ ಮಾತ್ರ ಕಷ್ಟ, ಅದಕ್ಕೆ ಅದು ಸಾಕು. ಪೂರ್ತಿ ಭಾರ ಹಾಕುವವರಿಗೆ ಅದು ಆಗಲ್ಲ ಅಂತ ಅವರೇ ಎಚ್ಚರಿಸಿದರು. ದೂರದ ಜಾಗಕ್ಕೆ ವೀಲ್‌ಚೇರ್ ತಗೊಂಡು ಹೋಗಿ, ಉಳಿದ ಶಕ್ತಿಯಲ್ಲಿ ನೋಡಬೇಕಾದ್ದನ್ನು ನೋಡಿ ಅಂತ ಧೈರ್ಯ ಹೇಳಿದವರೂ ಅವರೇ. ಅವರ ಮಾತು ಕೇಳಿ ಬೇಲೂರಿಗೆ ಹೋದೆವು. ದೇವಸ್ಥಾನದಲ್ಲಿ ಶೂ ಬಿಡಬೇಕು, ಶೂ ಇಲ್ಲದೆ ಸ್ಪ್ಲಿಂಟ್ ಜಾರುತ್ತದೆ, ಕಲ್ಲು ಬಿಸಿಲಿಗೆ ಕಾಯುತ್ತದೆ. ಅದಕ್ಕೇ ಬೆಳಿಗ್ಗೆ ಬೇಗ ಹೋಗಿ, ಪ್ರಾಂಗಣ ಪೂರ್ತಿ ವೀಲ್‌ಚೇರ್‌ನಲ್ಲಿ ಸುತ್ತಿದೆ. ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಅದರ ಮೆಟ್ಟಿಲು ಮಾತ್ರ ನಮ್ಮ ಯಜಮಾನರ ತೋಳು ಹಿಡಿದು ಹತ್ತಿದೆ. ಮದನಿಕೆಯರನ್ನು ಕತ್ತೆತ್ತಿ ನೋಡುವಷ್ಟು ಶಕ್ತಿ ಉಳಿದಿತ್ತು. ಸರ್, ಆ ಬೆಳಿಗ್ಗೆ ನೀವು ಕೊಟ್ಟಿದ್ದು.

ನನ್ನ ಹಳೆಯ ಕೋಲನ್ನು ಅಳತೆಗೆ ಕತ್ತರಿಸಿ, ಹೊಸ ರಬ್ಬರ್ ಬುಷ್ ಹಾಕಿಸಿ ಮೇಡಂ ಕ್ಲಿನಿಕ್‌ನಲ್ಲಿ ಇಟ್ಟಿದ್ದೇನೆ. ಬೆಳೆಗಾರರೂ ಒಂದು ಜೊತೆ ಪೋಲ್ ಕಳಿಸಿದ್ದಾರೆ. ನಡೆಯಲು ಕಷ್ಟಪಡುವವರು ಕೊಳ್ಳುವ ಮೊದಲು ಅವನ್ನು ಮನೆಗೆ ಒಯ್ದು, ತಮ್ಮ ಹೊಸಿಲು, ತಮ್ಮ ಅಂಗಳದಲ್ಲೇ ನಡೆದು ನೋಡಬಹುದು. ಮೇಡಂ ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.