ನೀಲಿ ಕಪ್ಪೆಯ ತೊಟ್ಟಿ ನೀರು ಚರಂಡಿಗೆ ಬೇಡ

ಮಾನ್ಯ ಸಂಪಾದಕರೇ,

ಗಾಜಿನ ತೊಟ್ಟಿಯಲ್ಲಿ ಸಾಕುವ, ಸುರಿನಾಮ್ ದೇಶದ ನೀಲಿ ಬಾಣಕಪ್ಪೆಯ ವಿಡಿಯೊ ಹಂಚಿಕೊಳ್ಳುವವರೆಲ್ಲ ‘ಮುಟ್ಟಿದರೆ ಸಾವು’ ಎಂದು ಬರೆಯುತ್ತಾರೆ. ಆ ಕುಖ್ಯಾತಿ ಇನ್ನೊಂದು ಕಪ್ಪೆಯದು. ಕೊಲಂಬಿಯಾದ ಎಂಬೆರಾ ಜನರು ಊದುಗೊಳವೆಯ ಬಾಣಗಳಿಗೆ ಸವರುತ್ತಿದ್ದದ್ದು ಫಿಲೊಬೇಟಿಸ್ ಕುಲದ ಕಪ್ಪೆಗಳ ವಿಷವನ್ನು. ನೀಲಿ ಕಪ್ಪೆ ಡೆಂಡ್ರೊಬೇಟಿಸ್ ಟಿಂಕ್ಟೋರಿಯಸ್ ಪ್ರಭೇದದ್ದು, ಅದರ ವಿಷ ಅಷ್ಟು ಉಗ್ರವಲ್ಲ. ಅದೂ ಸ್ವಂತದ್ದಲ್ಲ, ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ ಬಂದದ್ದು. ತೊಟ್ಟಿಯಲ್ಲೇ ಹುಟ್ಟಿ ಹಣ್ಣುನೊಣ ತಿಂದು ಬೆಳೆದ ಮರಿಯಲ್ಲಿ ಆ ವಿಷ ಇರುವುದಿಲ್ಲ. ಕಾಡಿನಿಂದ ಹಿಡಿದು ತಂದದ್ದರಲ್ಲಾದರೆ ವರ್ಷಗಟ್ಟಲೆ ಉಳಿದಿರಬಹುದು.

ಇದರ ನೆಲೆ ಬ್ರೆಜಿಲ್ ಗಡಿಯ ಸಿಪಾಲಿವಿನಿ ಹುಲ್ಲುಗಾವಲು. ಕುದುರೆಮುಖದ ಶೋಲಾಗಳ ಹಾಗೆ ಹುಲ್ಲಿನ ನಡುವೆ ತುಂಡು ತುಂಡಾಗಿ ನಿಂತ ಕಾಡು, ಅದರೊಳಗೆ ತೊರೆಯ ಪಕ್ಕದ ಒದ್ದೆ ತರಗೆಲೆ. ಮೂರರಿಂದ ನಾಲ್ಕೂವರೆ ಸೆಂ.ಮೀ. ಉದ್ದದ ಪ್ರಾಣಿ, ಬೆನ್ನಿನ ಕಪ್ಪು ಚುಕ್ಕೆಗಳ ವಿನ್ಯಾಸ ಒಂದರದ್ದು ಇನ್ನೊಂದಕ್ಕಿಲ್ಲ. ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗಳನ್ನು ಸಾಮಾನ್ಯವಾಗಿ ಗಂಡು ಬೆನ್ನ ಮೇಲೆ ಹೊತ್ತು ಮರದ ಪೊಟರೆಯ ನೀರಿಗೆ ಬಿಡುತ್ತದೆ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುವುದರಿಂದ ಸಾಕುವವರು ಒಂದೊಂದನ್ನೂ ಬೇರೆ ಲೋಟದಲ್ಲಿಡುತ್ತಾರೆ.

ಸಾಕಣೆ ಕಷ್ಟವೇನಲ್ಲ, ಆದರೆ ಬೆಂಗಳೂರಿನ ಏಪ್ರಿಲ್ ಇದಕ್ಕೆ ಆಗಿಬರುವುದಿಲ್ಲ. 22ರಿಂದ 26 ಡಿಗ್ರಿ ಬೇಕು. 30 ದಾಟಿದರೆ ಜೀವಕ್ಕೇ ಅಪಾಯ. ಒಂದು ಜೋಡಿಗೆ 45 ಸೆಂ.ಮೀ. ಉದ್ದ, ಅಗಲ, ಎತ್ತರದ ಗಾಜಿನ ತೊಟ್ಟಿ ಸಾಕು. ಒಂದೇ ತೊಟ್ಟಿಯಲ್ಲಿ ಎರಡು ಹೆಣ್ಣು ಬೇಡ, ಕಾದಾಡುತ್ತವೆ. ಹಾರಲಾರದ ಹಣ್ಣುನೊಣಗಳಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ3 ಪುಡಿ ಹಚ್ಚಿ ಕೊಡಬೇಕು. ವಿಟಮಿನ್ ಎ ಮರೆತರೆ ನಾಲಿಗೆಯ ಅಂಟು ಹೋಗಿ, ಎದುರಿಗೆ ನೊಣವಿದ್ದರೂ ಕಪ್ಪೆ ಹಿಡಿಯಲಾರದೆ ಸೊರಗುತ್ತದೆ.

ನಮ್ಮಲ್ಲಿ ಯಾರೂ ಮಾತಾಡದ ವಿಷಯ ತೊಟ್ಟಿಯ ತಳದ ನೀರು. ಅದನ್ನು ಚರಂಡಿಗೆ ಚೆಲ್ಲಿದರೆ ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರ ಅದರೊಂದಿಗೆ ಹೊರಗಿನ ಕಪ್ಪೆಗಳಿಗೂ ತಲುಪಬಹುದು. ಈ ಶಿಲೀಂಧ್ರವನ್ನು ವಿಜ್ಞಾನಿಗಳು 1999ರಲ್ಲಿ ಮೊದಲು ವಿವರಿಸಿ ಹೆಸರಿಟ್ಟದ್ದು ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ಇದೇ ನೀಲಿ ಕಪ್ಪೆಯಿಂದ. ಶಿಲೀಂಧ್ರವು ಕಪ್ಪೆಯ ಚರ್ಮ ಸೇರಿ ಸೋಡಿಯಂ, ಪೊಟ್ಯಾಸಿಯಂ ಸಮತೋಲ ಕೆಡಿಸುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಉಭಯಜೀವಿ ಪ್ರಭೇದಗಳು ಇದರಿಂದ ಕುಸಿದಿವೆ ಎಂಬುದು 2019ರಲ್ಲಿ ಪ್ರಕಟವಾದ ಲೆಕ್ಕ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಇದು ಪತ್ತೆಯಾಗಿದೆ. ‘ಹೇಗೂ ಇದೆಯಲ್ಲ’ ಎಂದು ಸುಮ್ಮನಿರುವಂತಿಲ್ಲ. ಸಾಕುಪ್ರಾಣಿ ವ್ಯಾಪಾರದ ಜೊತೆ ಬರುವುದು ಇನ್ನೂ ಮಾರಕವಾದ ತಳಿಯಾಗಿರಬಹುದು. ಈ ಶಿಲೀಂಧ್ರಕ್ಕೆ ಹಿಡಿಸುವುದು 17ರಿಂದ 25 ಡಿಗ್ರಿಯ ತಂಪು. ಮಲೆನಾಡಿನ ತೊರೆಗಳ ತಂಪೂ ಅದೇ.

ಆದ್ದರಿಂದ ಹೊಸ ಕಪ್ಪೆಯನ್ನು ಒದ್ದೆ ಟಿಶ್ಯೂ ಹಾಸಿದ ಬರಿದಾದ ಡಬ್ಬದಲ್ಲಿ ಎರಡು ತಿಂಗಳು ಪ್ರತ್ಯೇಕವಾಗಿಡಿ. ಹೊಟ್ಟೆಯಡಿ ಮತ್ತು ಬೆರಳುಗಳಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಸಿ ಶಿಲೀಂಧ್ರ ಪತ್ತೆಯ ಪಿಸಿಆರ್ ಪರೀಕ್ಷೆ ಮಾಡಿಸಿ. ಒಂದು ‘ನೆಗೆಟಿವ್’ ನಂಬಬೇಡಿ, ಸೋಂಕು ಅಲ್ಪವಿದ್ದರೆ ತಪ್ಪಿಹೋಗುತ್ತದೆ. ಚರ್ಮ ಪದೇ ಪದೇ ಸುಲಿಯುವುದು, ಹಿಂಗಾಲು ಚಾಚಿ ಜಡವಾಗಿ ಕೂರುವುದು ಕಂಡರೆ ಪಶುವೈದ್ಯರ ಬಳಿ ಹೋಗಿ. ಇಟ್ರಾಕೊನಜೋಲ್ ದ್ರಾವಣದ ಸ್ನಾನ ಕೆಲಸ ಮಾಡುತ್ತದೆ, ಪ್ರಮಾಣ ಅವರೇ ಹೇಳಲಿ.

ನೀರು ಬಸಿಯಲೆಂದು ತೊಟ್ಟಿಯ ತಳಕ್ಕೆ ಹಾಸುವ ಮಣ್ಣುಗುಂಡುಗಳ ಪದರದಿಂದ ಹೀರಿ ತೆಗೆಯುವ ನೀರು ಒಂದೆರಡು ಲೀಟರ್ ಅಷ್ಟೇ. ಕುದಿಸಿಬಿಡಿ. 60 ಡಿಗ್ರಿಯಲ್ಲಿ ಐದು ನಿಮಿಷಕ್ಕೇ ಈ ಶಿಲೀಂಧ್ರ ಸಾಯುತ್ತದೆ. ಬ್ಲೀಚ್ ಹಾಕುವುದಾದರೆ ಮೊದಲು ಸೋಸಿ, ಕೆಸರಿದ್ದರೆ ಕ್ಲೋರಿನ್ ಕೆಸರಿನಲ್ಲೇ ಖರ್ಚಾಗುತ್ತದೆ. ಶೇ 5ರ ಬ್ಲೀಚ್ ದ್ರಾವಣವಾದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಬೆರೆಸಿ ಅರ್ಧ ಗಂಟೆ ಬಿಡಿ. ಕಪ್ಪೆ ಇರುವ ತೊಟ್ಟಿಗೆ ಬ್ಲೀಚ್ ತಾಗಲೇಬಾರದು. ಹಳೆಯ ತೆಂಗಿನ ನಾರು, ಪಾಚಿ, ಎಲೆಗಳನ್ನು ತಾರಸಿಯ ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಎಸೆಯಿರಿ. ಒಣಗಿದರೆ ಶಿಲೀಂಧ್ರ ಬದುಕದು. ತೊಟ್ಟಿಯೊಳಗಿನ ಗಿಡವನ್ನು ತೆಗೆದು ಊರಿನ ತೋಟದಲ್ಲಿ ನೆಡುವ ಆಸೆ ಬೇಡ.

ಬಾಣಕಪ್ಪೆಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದವಾದ ಸೈಟಿಸ್‌ನ 2ನೇ ಅನುಬಂಧದಲ್ಲಿವೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಿ ಹುಟ್ಟು, ಸಾವು, ಹಸ್ತಾಂತರ ಎಲ್ಲವನ್ನೂ ತಿಳಿಸಬೇಕು. ಮಾರುವವರ ಬಳಿ ಮರಿ ಎಲ್ಲಿ ಹುಟ್ಟಿತು ಎಂಬುದಕ್ಕೆ ಕಾಗದವಿಲ್ಲದಿದ್ದರೆ ಕೊಳ್ಳಲೇಬೇಡಿ. ಸಾಕಲಾಗದೆ ಹೋದರೆ ನೋಂದಣಿ ಇರುವ ಇನ್ನೊಬ್ಬರಿಗೆ ದಾಖಲೆ ಸಮೇತ ಕೊಡಿ, ಕೆರೆಗೋ ಕಾಡಿಗೋ ಬಿಡಬೇಡಿ.

– ಓದುಗರೊಬ್ಬರು, ಬೆಂಗಳೂರು