ಗಾಣಕ್ಕೆ ಒಂದು ವರ್ಷ, ಮತ್ತು ಐದು ಡಬ್ಬ ಎಣ್ಣೆಯ ಲೆಕ್ಕ

ನಿನ್ನೆಗೆ ನಮ್ಮ ಮರದ ಗಾಣ ಶುರುವಾಗಿ ಒಂದು ವರ್ಷ ಆಯಿತು. 2024ರ ಗಣೇಶನ ಹಬ್ಬ ಮುಗಿದ ಮರುವಾರ ತುಮಕೂರಿನ ಈ ಸಣ್ಣ ಗಲ್ಲಿಯಲ್ಲಿ ಶಟರ್ ಎತ್ತಿದ್ದು. ನೌಕರಿ ಯಾಕೆ ಬಿಟ್ಟೆ, ಸಾಲ ಎಷ್ಟಾಯಿತು, ಮೂರು ಫೇಸ್ ಕರೆಂಟಿಗೆ ಎಷ್ಟು ಅಲೆದೆ, ಇದೆಲ್ಲ ನಿಮಗೆ ಗೊತ್ತೇ ಇದೆ. ಕೆಲವರಂತೂ ನನ್ನ ಬಾಯಿಂದ ಎರಡೆರಡು ಸಲ ಕೇಳಿ ಸುಸ್ತಾಗಿದ್ದೀರಿ. ಅದನ್ನು ಬಿಟ್ಟು ಬರೆಯುತ್ತೇನೆ.

ಮೊದಲು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ. ಬಾಗೆ ಮರದ ಒರಳು ಕೂರಿಸಿಕೊಟ್ಟ ಬಡಗಿ ಅಣ್ಣ, ಪಿಎಂಎಫ್‌ಎಂಇ ಎಂಬ ಕೇಂದ್ರದ ಸಣ್ಣ ಆಹಾರ ಉದ್ಯಮ ಯೋಜನೆಯ ಸಬ್ಸಿಡಿ ಅರ್ಜಿಯನ್ನು ನಾಲ್ಕು ಸಲ ತಿದ್ದಿಕೊಟ್ಟವರು (ಕೇಂದ್ರದ್ದು ಶೇ 35, ರಾಜ್ಯದ್ದು ಶೇ 15 ಎಂದು ನನಗೆ ಬಿಡಿಸಿ ಹೇಳಿದ್ದೂ ಅವರೇ), ಪಾವಗಡದ ಕಡೆಯಿಂದ ಕಡಲೆಬೀಜ, ತಿಪಟೂರಿನಿಂದ ಕೊಬ್ಬರಿ ತರುವ ಟೆಂಪೋ ಹುಡುಗ, ಬೀಜ ಆರಿಸುವ ಇಬ್ಬರು ಅಕ್ಕಂದಿರು, ಬಾಟಲಿಗೆ ಲೇಬಲ್ ಅಂಟಿಸಿದ ಮಗ, ಸಂಜೆ ಅಡುಗೆ ಪೂರ್ತಿ ತಮ್ಮ ಮೇಲೆ ಹಾಕಿಕೊಂಡ ಅತ್ತೆ, ನಿಮಗೆಲ್ಲ ತುಂಬಾ ಥ್ಯಾಂಕ್ಸ್. ನೀವಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ.

ನನ್ನ ಗಂಡನಿಗೆ ಥ್ಯಾಂಕ್ಸ್ ಹೇಳುವುದಕ್ಕಿಂತ ಒಂದು ನಿಜ ಹೇಳುತ್ತೇನೆ. "ಎಷ್ಟು ಧೈರ್ಯ ನಿಂಗೆ!" ಎಂದು ಈ ವರ್ಷ ಎಷ್ಟೋ ಜನ ಹೊಗಳಿದಿರಿ. ಆ ಧೈರ್ಯದ ಹಿಂದೆ ತಿಂಗಳ ಒಂದನೇ ತಾರೀಖು ತಪ್ಪದೆ ಬರುವ ಅವರ ಸಂಬಳ ಇತ್ತು. ಅದಿಲ್ಲದವರಿಗೆ "ನೀವೂ ಕೆಲಸ ಬಿಡಿ, ರಿಸ್ಕ್ ತಗೊಳ್ಳಿ" ಎನ್ನುವ ಬಾಯಿ ನನಗಿಲ್ಲ. ವರ್ಷದ ಕೊನೆಗೆ ಲಾಭ ಎಂದು ಕೈಗೆ ಉಳಿದಿದ್ದು ನನ್ನ ಹಳೆಯ ಸಂಬಳದ ಮೂರರಲ್ಲಿ ಒಂದು ಪಾಲು. ಇದನ್ನೂ ಗೊತ್ತಿಟ್ಟುಕೊಳ್ಳಿ.

ಇನ್ನು ನಮ್ಮ ಟ್ರೇನ್ ಬಳಗ. ಹದಿನಾರು ವರ್ಷ ತುಮಕೂರಿನಿಂದ ಬೆಂಗಳೂರಿಗೆ ಪಾಸ್ ಮಾಡಿಸಿಕೊಂಡು ಓಡಾಡಿದೆ. ಕಂಫರ್ಟ್ ಝೋನ್ ಅಂತಾರಲ್ಲ, ನನ್ನದು ಲೇಡೀಸ್ ಬೋಗಿಯ ಎಡಗಡೆ ಕಿಟಕಿ ಸೀಟು. ಕ್ಯಾತ್ಸಂದ್ರ ದಾಟುವಾಗ ಹೂ ಕಟ್ಟುವುದು, ದಾಬಸ್‌ಪೇಟೆಗೆ ಬರುವಷ್ಟರಲ್ಲಿ ಯಾರದೋ ಡಬ್ಬಿಯ ಅವಲಕ್ಕಿ ಖಾಲಿ, ಸೋಲದೇವನಹಳ್ಳಿ ಹತ್ತಿರ ಹತ್ತು ನಿಮಿಷ ನಿದ್ದೆ, ಯಶವಂತಪುರದಲ್ಲಿ ನೂಕಾಟ. ಬೈದುಕೊಂಡೇ ಹೋಗುತ್ತಿದ್ದೆ, ಆದರೆ ನಾಳೆ ಏನು ಎನ್ನುವ ಪ್ರಶ್ನೆ ಆ ಬೋಗಿಯೊಳಗೆ ಬರುತ್ತಲೇ ಇರಲಿಲ್ಲ. ಕೆಲಸ ಬಿಟ್ಟ ಮೇಲೂ ಎರಡು ವಾರ ಬೆಳಗಿನ ಜಾವ ಐದಕ್ಕೆ ಎಚ್ಚರವಾಗಿ, ಎದ್ದು ಏನು ಮಾಡಬೇಕು ಗೊತ್ತಾಗದೆ ಸುಮ್ನೆ ಕೂತಿರುತ್ತಿದ್ದೆ. ನನ್ನ ಮೊದಲ ಗಿರಾಕಿಗಳು ಆ ಬೋಗಿಯವರೇ. ಇವತ್ತಿಗೂ ವಾರಕ್ಕೆ ಹತ್ತು ಬಾಟಲಿ ಅದೇ ಟ್ರೇನಿನಲ್ಲಿ ಬೆಂಗಳೂರಿಗೆ ಹೋಗುತ್ತವೆ. ನನ್ನ ಸೀಟಿನಲ್ಲಿ ಈಗ ಯಾರು ಕೂರುತ್ತಾರೆ ಎಂದು ಕೇಳಬೇಕು ಅನಿಸುತ್ತೆ, ಕೇಳಿಲ್ಲ.

ಈಗ ಈ ಬರಹ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ಪಕ್ಕದ ಹಿಟ್ಟಿನ ಮಿಲ್ಲಿನ ಅಕ್ಕ.

ರಾಜೀನಾಮೆ ಕೊಟ್ಟಿದ್ದೇ ಧೈರ್ಯ ಎಂದು ನಾನೂ ಅಂದುಕೊಂಡಿದ್ದೆ. ಯೋಚಿಸಿದರೆ ಅದೇನು ಅಂಥ ಕಷ್ಟದ ಕೆಲಸ ಆಗಿರಲಿಲ್ಲ. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ಚಪ್ಪಾಳೆ ಹೊಡೆದರು. ಇಷ್ಟು ವರ್ಷ ದುಡಿದಿದ್ದಕ್ಕೆ ಗ್ರ್ಯಾಚುಟಿ ಬಂತು. ಲೆಕ್ಕದವಳು ನಾನು, ಅದನ್ನು ಮೊದಲೇ ಕೂಡಿಸಿಟ್ಟಿದ್ದೆ: ಮೂಲ ಸಂಬಳ 26,000, ಅದಕ್ಕೆ 26ರಲ್ಲಿ 15 ಪಾಲು, ಗುಣಿಸು 16 ವರ್ಷ. 2,40,000 ರೂಪಾಯಿ. ಗಾಣ ಬಂದಿದ್ದು ಆ ದುಡ್ಡಿನಲ್ಲೇ. ಧೈರ್ಯ ಎಂದು ಕರೆಯುವಂಥದ್ದು ಬೇಕಾಗಿದ್ದು ಗಾಣ ಶುರುವಾಗಿ ಐದಾರು ವಾರ ಆದಮೇಲೆ, ಅಕ್ಟೋಬರ್ ಮಳೆಯಲ್ಲಿ.

ನಿಮಗೆ ನೆನಪಿರಬಹುದು, ಹೋದ ವರ್ಷ ದೀಪಾವಳಿಗೆ ಮುಂಚೆ ಬಿಡದೆ ಮಳೆ ಹಿಡಿದಿತ್ತು. ಹಬ್ಬದ ಆರ್ಡರ್ ಜಾಸ್ತಿ ಇತ್ತು. ಒಂದು ಲೋಡ್ ಕಡಲೆಬೀಜ ಬಂದಾಗ ತಳದ ಚೀಲಗಳು ತೇವ ಆಗಿದ್ದವು. ಬಿಡಿಸಿ, ಆರಿಸಿ, ಒಣಗಿಸಿ ಆಮೇಲೆ ಗಾಣಕ್ಕೆ ಹಾಕಬೇಕಿತ್ತು. ನಾನು ಮೇಲಿಂದ ಒಂದು ಹಿಡಿ ನೋಡಿದೆ, ಸರಿಯಿದೆ ಅಂದುಕೊಂಡೆ, ಸುರಿದೆ. ತಪ್ಪು ಪೂರ್ತಿ ನನ್ನದು. ಟೆಂಪೋದವನದ್ದೂ ಅಲ್ಲ, ಮಳೆಯದ್ದೂ ಅಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ ಒಂದು ಸಂಜೆ ಮೊದಲ ಫೋನ್ ಬಂತು. "ಎಣ್ಣೆ ಹಳೇ ಗೋಣಿಚೀಲದ ವಾಸನೆ ಬರ್ತಿದೆಯಲ್ಲಮ್ಮ?" ಅರ್ಧ ಗಂಟೆಗೆ ಇನ್ನೊಂದು. ಓಡಿಹೋಗಿ ಉಳಿದ ಚೀಲ ಸುರಿದು ನೋಡಿದರೆ ಬೀಜದ ಮೇಲೆ ಹಸಿರುಗಪ್ಪು ಬೂಷ್ಟು. ಅಷ್ಟರಲ್ಲಿ ನಾಲ್ಕು ಡಬ್ಬದ ಎಣ್ಣೆ 60 ಬಾಟಲಿ ಆಗಿ 41 ಮನೆ ಸೇರಿತ್ತು.

ಗಂಡ ಊರಲ್ಲಿರಲಿಲ್ಲ. ಶಟರ್ ಅರ್ಧ ಎಳೆದುಕೊಂಡು ನೆಲದ ಮೇಲೆ ಕೂತೆ. ಹಳೇ ಆಫೀಸಿನ ಮ್ಯಾನೇಜರಿಗೆ ಮೆಸೇಜ್ ಬರೆಯತೊಡಗಿದೆ. ನನ್ನ ಜಾಗ ಇನ್ನೂ ತುಂಬಿಲ್ಲ ಎಂದು ಗೊತ್ತಿತ್ತು.

ಶಟರ್ ಕೆಳಗೆ ಮೊದಲು ಕಂಡಿದ್ದು ಹಿಟ್ಟು ಮೆತ್ತಿದ ಎರಡು ಕಾಲು. ಅಕ್ಕ ಬಗ್ಗಿ ಒಳಗೆ ಬಂದರು. ಅವತ್ತಿನವರೆಗೆ ನಮ್ಮಿಬ್ಬರದು ಬರೀ "ಊಟ ಆಯ್ತಾ" ಅಷ್ಟೇ ಪರಿಚಯ.

"ಏನಾಯ್ತು?"

"ಎಲ್ಲಾ ಹೋಯ್ತು ಅಕ್ಕ."

"ನೀನು ಲೆಕ್ಕ ಬರೆಯೋಳು ತಾನೇ? ಎಲ್ಲಾ ಅನ್ನೋದು ಒಂದು ಲೆಕ್ಕನಾ? ಎಷ್ಟು ಹೋಯ್ತು ಹೇಳು."

ಸಮಾಧಾನದ ಮಾತು ಒಂದೂ ಇಲ್ಲ. ಒಂದು ಸೀಮೆಸುಣ್ಣ ಹುಡುಕಿಕೊಂಡರು. ಒಂಬತ್ತು ಡಬ್ಬದ ಮುಚ್ಚಳ ಒಂದೊಂದಾಗಿ ತೆಗೆಸಿದರು. ಎರಡು ಹನಿ ಅಂಗೈಗೆ ಹಾಕಿ, ಉಜ್ಜಿ, ಮೂಸಿ, ಡಬ್ಬದ ಮೇಲೆ ಗೆರೆ ಎಳೆಯುತ್ತಾ ಹೋದರು. ಯಾವ ಡಬ್ಬ ಯಾವ ದಿನ ಆಡಿಸಿದ್ದು ಎಂದು ನನ್ನ ಕೈಲಿ ಬರೆಸಿದರು. ಬಾಟಲಿಯಾಗಿ ಹೋದ ನಾಲ್ಕು, ಇನ್ನೂ ಡಬ್ಬದಲ್ಲೇ ಇದ್ದ ಒಂದು, ಒಟ್ಟು ಐದು ಆ ಲೋಡಿನವು. ಉಳಿದ ನಾಲ್ಕು ಹಿಂದಿನ ಲೋಡಿನವು, ಚೆನ್ನಾಗಿದ್ದವು. (ಆ ನಾಲ್ಕನ್ನೂ ಲ್ಯಾಬಿಗೆ ಕೊಟ್ಟು ರಿಪೋರ್ಟ್ ಬಂದಮೇಲೇ ಮಾರಿದೆ. ಅಕ್ಕನಿಗೆ ಅದು ಸ್ವಲ್ಪ ಬೇಜಾರು: "ನನ್ನ ಮೂಗಿಗಿಂತ ಹೆಚ್ಚಾ ಅದು?") ಡಬ್ಬಕ್ಕೆ 15 ಲೀಟರಿನಂತೆ 75 ಲೀಟರ್, ಲೀಟರಿಗೆ 340. ನನ್ನ ಕೈಯಲ್ಲೇ ಬರೆದೆ: 25,500 ರೂಪಾಯಿ.

ಆ ಅಂಕಿ ನೋಡಿದಾಗ ನಾನು ಅತ್ತೆ. ಅದಕ್ಕೂ ಮುಂಚೆ ಅಳು ಬಂದಿರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು, ಚಿಕ್ಕ ಮಗು ಅತ್ತ ಹಾಗೆ. ಹೆದರಿಕೆಗಿಂತ ನಾಚಿಕೆ ಜಾಸ್ತಿ ಇತ್ತು. ನಲವತ್ತೊಂದು ಮನೆ. ನನ್ನನ್ನು ನಂಬಿ ಹಬ್ಬಕ್ಕೆ ತಗೊಂಡವರು. ಆ ಎಣ್ಣೆಯಲ್ಲಿ ಮಕ್ಕಳಿಗೆ ಚಕ್ಕುಲಿ ಕರಿಯುತ್ತಿದ್ದವರು. "ನನ್ನ ಕೈಲಿ ಆಗಲ್ಲ ಅಕ್ಕ" ಎಂದು ಅದೆಷ್ಟು ಸಲ ಹೇಳಿದೆನೋ.

ಅವರು ಫೋನ್ ಕಡೆ ನೋಡಿ ಕೇಳಿದರು: "ಯಾರಿಗೆ ಬರೀತಿದ್ದೆ?" ಓದಿ ಹೇಳಿದೆ. "ಸರಿ, ಕಳಿಸು. ಹೋಗೋದಾದ್ರೆ ಹೋಗು. ಆದ್ರೆ ಡಬ್ಬ ತೊಳೆದಿಟ್ಟು ಹೋಗ್ಬೇಕು ಕಣೆ. ಕೊಳಕು ಬಿಟ್ಟು ಹೋಗಬಾರದು."

ಸರಿ ಎಂದು ಶುರು ಮಾಡಿದೆವು. ಐದು ಡಬ್ಬಕ್ಕೆ ಬಿಸಿನೀರು, ಬೂದಿ, ಸೋಪು. ಸೋಸುವ ಬಟ್ಟೆ ಸುಟ್ಟೆವು. ಮರದ ಒರಳಿಗೆ ನೀರು ಹಾಕುವ ಹಾಗಿಲ್ಲ. ಅಕ್ಕ ತಮ್ಮ ಮಿಲ್ಲಿಂದ ಒಂದು ಚೀಲ ಗೋಧಿ ಬೂಸಾ ತಂದರು. ಅದನ್ನು ಸುರಿದು ಒನಕೆ ತಿರುಗಿಸಿ, ತೆಗೆದು, ಮತ್ತೆ ಸುರಿದು, ಎಣ್ಣೆಯ ಪಸೆ ಹೋಗುವವರೆಗೆ ಉಜ್ಜಿದೆವು. ನಡುವೆ ಅಕ್ಕ ಅಲ್ಲಲ್ಲಿ ಒಂದೊಂದು ಮಾತು ಹೇಳಿದರು. ಗಂಡ ತೀರಿಕೊಂಡ ವರ್ಷ ಮಿಲ್ಲಿನ ಬೆಲ್ಟ್ ಹರಿದಾಗ ಬದಲಾಯಿಸಲು ಬಂದವನು "ಮನೇಲಿ ಗಂಡಸರು ಇದ್ರೆ ಕಳಿಸಿ" ಎಂದನಂತೆ. "ಇನ್ನೊಂದು ಬೆಲ್ಟ್ ನಾನೇ ಹಾಕ್ದೆ" ಅಂದರು. ಅಷ್ಟೇ ಕಥೆ. ಇಪ್ಪತ್ತೆರಡು ವರ್ಷ ಆಯಿತಂತೆ ಅದಾಗಿ.

ಎಲ್ಲ ಮುಗಿದಾಗ ಬೆಳಗಿನ ನಾಲ್ಕು ಗಂಟೆ. ಮೆಸೇಜ್ ಕಳಿಸುವುದು ಮರೆತೇ ಹೋಗಿತ್ತು. ಅದು ಇನ್ನೂ ಫೋನಿನಲ್ಲಿ ಅರ್ಧಕ್ಕೆ ಹಾಗೇ ಇದೆ.

ಎಂಟು ಗಂಟೆಗೆ ಅಕ್ಕ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮತ್ತೆ ಬಂದು ಪಕ್ಕದಲ್ಲಿ ಕೂತರು. ಮಿಲ್ಲಿನ ಮುಂದೆ ರಾಗಿ ಹಿಡಿದುಕೊಂಡು ನಿಂತವರಿಗೆ "ಒಂದು ಗಂಟೆ ಬಿಟ್ಟು ಬನ್ನಿ" ಎಂದರು. ನಾನು 41 ಮನೆಗೂ ಫೋನ್ ಮಾಡಿದೆ. "ಎಣ್ಣೆ ಬಳಸಬೇಡಿ, ತಪ್ಪು ನನ್ನದು, ದುಡ್ಡು ವಾಪಸ್ ಕೊಡ್ತೀನಿ." ಮೊದಲ ಮೂರು ಫೋನಿಗೆ ಗಂಟಲು ಕಟ್ಟಿತು. ಹತ್ತನೆಯದಕ್ಕೆ ದನಿ ಸರಿಹೋಯಿತು. ಮೂವರು ಬೈದರು, ಬೈಯಬೇಕಾದ್ದೇ. ನಲವತ್ತೆರಡನೇ ಫೋನ್ ಹಸು ಸಾಕಿದವರಿಗೆ, ಆ ಲೋಡಿನ ಹಿಂಡಿ ಅವರು ಒಯ್ದಿದ್ದರು. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಲಿವರಿಗೆ ಕೆಟ್ಟದ್ದು, ಜಾಸ್ತಿ ಪಾಲು ಹಿಂಡಿಯಲ್ಲೇ ಉಳಿದು ಹಸುವಿನ ಹಾಲಿಗೂ ಇಳಿಯುತ್ತದೆ ಎಂದೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಅಕ್ಕನಿಗೆ ಆ ಹೆಸರು ಗೊತ್ತಿರಲಿಲ್ಲ. "ಹಸುಗೂ ಹಾಕಬೇಡಿ ಅಂತ ಹೇಳು" ಎಂದು ನೆನಪಿಸಿದ್ದು ಮಾತ್ರ ಅವರೇ.

ಕೆಟ್ಟ ಎಣ್ಣೆಯನ್ನು ದೇವಸ್ಥಾನದ ದೀಪಕ್ಕೆ ಕೊಡೋಣವಾ ಎಂದು ಕೇಳಿ ಸರಿಯಾಗಿ ಬೈಸಿಕೊಂಡೆ. ಕೊನೆಗೆ ಸೆಂಟ್ರಿಂಗ್ ಕೆಲಸದವರು ಹಲಗೆಗೆ ಹಚ್ಚಲು ಒಯ್ದರು. ಹಿಂದಿನ ರಸ್ತೆಯ ಯಾವುದೋ ಮನೆಯ ತಾರಸಿ ನನ್ನ ಮೊದಲ ದೀಪಾವಳಿಯ ಎಣ್ಣೆಯಲ್ಲಿ ಎದ್ದಿದೆ.

ಆ 41 ಮನೆಯಲ್ಲಿ 33 ಮನೆಯವರು ಈಗಲೂ ನಮ್ಮಲ್ಲೇ ಎಣ್ಣೆ ತಗೊಳ್ಳುತ್ತಾರೆ. ನಿಮಗೂ ಥ್ಯಾಂಕ್ಸ್. ಉಳಿದ ಎಂಟು ಮನೆಯವರ ಮೇಲೂ ನನಗೆ ಬೇಜಾರಿಲ್ಲ.

ಅಕ್ಕನಿಗೆ ಏನು ಕೊಡಲಿ ಎಂದು ವರ್ಷವಿಡೀ ಯೋಚಿಸಿದೆ. ಸೀರೆ ಕೊಟ್ಟರೆ "ಯಾವ ಹಬ್ಬ?" ಅಂತಾರೆ. ಎಣ್ಣೆಗೆ ದುಡ್ಡು ಬೇಡ ಅಂದರೆ ಡಬ್ಬದ ಕೆಳಗೆ ನೋಟು ಇಟ್ಟು ಹೋಗುತ್ತಾರೆ. ಅದಕ್ಕೆ ಇದನ್ನು ಬರೆದೆ. ನಿನ್ನೆ ಮಧ್ಯಾಹ್ನ ಮಿಲ್ಲು ನಿಲ್ಲಿಸಿದ ಹೊತ್ತಿನಲ್ಲಿ ಹೋಗಿ ಪೂರ್ತಿ ಓದಿ ಹೇಳಿದೆ. ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿಸಿಕೊಂಡರು. ಮುಗಿದಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಲೆಕ್ಕ ತಪ್ಪಾಗಿದೆ" ಅಂದರು ಆಮೇಲೆ. "ಐದು ಡಬ್ಬ ಅಲ್ಲ, ಐದೂವರೆ. ಅಳ್ತಾ ಏಳೋವಾಗ ಒಂದು ಒಳ್ಳೆ ಡಬ್ಬ ಕಾಲಲ್ಲಿ ಒದ್ದು ಅರ್ಧ ಚೆಲ್ಲಿದ್ದೆ. ನೆಲ ಒರೆಸಿದ್ದು ನಾನು, ನಂಗೆ ನೆನಪಿಲ್ವಾ?"