ಎಂಜಿನಿಯರ್‌ಗೆ ಮಾರ್ಗದರ್ಶಕರು ಸಿಗುವ ಬಗೆ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವೃತ್ತಿಗೆ ಹೊಸದಾಗಿ ಕಾಲಿಟ್ಟವರು ಮಾರ್ಗದರ್ಶಕರಿಗಾಗಿ ಹಂಬಲಿಸುವುದು ಸಹಜವೇ ಆದರೂ, ಪರಿಚಯವಿಲ್ಲದ ಹಿರಿಯರಿಗೆ ‘ನನ್ನ ಮಾರ್ಗದರ್ಶಕರಾಗುವಿರಾ?’ ಎಂದು ಬರೆದು ಉತ್ತರಕ್ಕಾಗಿ ಕಾದು ಕುಳಿತವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಷ್ಟು ದೊಡ್ಡ ಕೋರಿಕೆಗೆ ಏನು ಹೇಳಬೇಕೆಂದು ಆ ಹಿರಿಯರಿಗೂ ತೋಚುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಪಂಪೊಂದರ ಜೋಡಣೆಯ ನಕ್ಷೆಯನ್ನು ಹಿರಿಯ ಸಹೋದ್ಯೋಗಿಯೊಬ್ಬರ ಮುಂದಿಟ್ಟು, ಬೋಲ್ಟಿನ ಅಳತೆ ಸರಿಯಿದೆಯೇ ಎಂದಷ್ಟೇ ಕೇಳಿದ್ದೆ. ಅವರು ಅಳತೆಯ ಮಾತೆತ್ತದೆ, ಪೆನ್ಸಿಲಿನ ತುದಿಯನ್ನು ಬೋಲ್ಟಿನ ಪಕ್ಕದ ಗೋಡೆಯ ಗೆರೆಯ ಮೇಲಿಟ್ಟು, ‘ಇದನ್ನು ಬಿಗಿ ಮಾಡುವವನು ಸ್ಪ್ಯಾನರನ್ನು ಎಲ್ಲಿಂದ ತೂರಿಸಬೇಕು?’ ಎಂದರು. ನಕ್ಷೆಯನ್ನು ತಿದ್ದಿ ಮರುದಿನ ಮತ್ತೆ ತೋರಿಸಿದೆ. ಆ ಒಡನಾಟ ಹನ್ನೆರಡು ವರ್ಷ ನಡೆಯಿತು. ‘ಮಾರ್ಗದರ್ಶಕ’ ಎಂಬ ಪದವನ್ನು ನಾವಿಬ್ಬರೂ ಒಮ್ಮೆಯೂ ಆಡಲಿಲ್ಲ.

1829ರಲ್ಲಿ ಸ್ಕಾಟ್ಲೆಂಡಿನ ಯುವಕ ಜೇಮ್ಸ್ ನಾಸ್ಮಿತ್ ಲಂಡನ್ನಿನ ಹೆಸರಾಂತ ಯಂತ್ರನಿರ್ಮಾಪಕ ಹೆನ್ರಿ ಮಾಡ್ಸ್ಲೆಯವರನ್ನು ಕಾಣಲು ಹೋದಾಗ, ಮಾಡ್ಸ್ಲೆ ಶಿಷ್ಯರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದರು. ಆದರೆ ನಾಸ್ಮಿತ್ ತಾವೇ ಮಾಡಿದ್ದ ಉಗಿಯಂತ್ರದ ಮಾದರಿಯನ್ನೂ ನಕ್ಷೆಗಳನ್ನೂ ಜೊತೆಗೆ ಒಯ್ದಿದ್ದರಿಂದ, ಅವುಗಳನ್ನು ಪರಿಶೀಲಿಸಿದ ಮಾಡ್ಸ್ಲೆ, ನಾಸ್ಮಿತ್‌ರನ್ನು ತಮ್ಮ ಖಾಸಾ ಸಹಾಯಕರನ್ನಾಗಿಯೇ ಇರಿಸಿಕೊಂಡರು. ಮುಂದೆ, ಕಾದ ಕಬ್ಬಿಣವನ್ನು ಉಗಿಯ ಬಲದಿಂದ ಬಡಿಯುವ ಉಗಿಸುತ್ತಿಗೆಯನ್ನು ರೂಪಿಸಿದವರು ಇದೇ ನಾಸ್ಮಿತ್.

ಇನ್ನೊಂದು ಮಾತು. ಬಡ್ತಿಯನ್ನು ನಿರ್ಧರಿಸುವ ಮೇಲಧಿಕಾರಿಯ ಮುಂದೆ ‘ನನಗೆ ತಿಳಿಯದು’ ಎನ್ನಲು ಕಿರಿಯರಿಗೆ ಧೈರ್ಯ ಸಾಲದು. ಬೇರೆ ವಿಭಾಗದ ಹಿರಿಯರಾದರೆ ಆ ಅಂಜಿಕೆಯಿರದು. ಹಿರಿಯರಲ್ಲಿಯೂ ನನ್ನದೊಂದು ವಿನಂತಿಯಿದೆ: ಕಿರಿಯರ ನಕ್ಷೆಯನ್ನು ತಿದ್ದುವಾಗ, ಏಕೆ ತಿದ್ದಿದೆವೆಂಬುದನ್ನೂ ಅಂಚಿನಲ್ಲಿ ಒಂದು ಸಾಲು ಬರೆಯಿರಿ.

ಇಂತಿ,
ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್